ದಂತ ಅತಿಸಂವೇದನೆ

ದಂತ ಅತಿಸಂವೇದನೆ ಎಂದರೆ ಹಲ್ಲಿನ ಒಳಪದರವಾದ ಡೆಂಟಿನ್ ಹೊರಗೆ ತೆರೆದುಕೊಂಡಾಗ, ತಣ್ಣನೆಯ ಅಥವಾ ಬಿಸಿಯಾದ ಪದಾರ್ಥ, ಗಾಳಿ, ಸ್ಪರ್ಶ, ಸಿಹಿ ಅಥವಾ ಹುಳಿಯಿಂದ ಉಂಟಾಗುವ ಕ್ಷಣಿಕವಾದ ತೀಕ್ಷ್ಣ ನೋವು. ಆಡುಮಾತಿನಲ್ಲಿ ಇದನ್ನು ‘ಹಲ್ಲು ಜುಮ್ಮೆನ್ನುವುದು’ ಎಂದು ಹೇಳುತ್ತಾರೆ. ದಂತವೈದ್ಯರ ಬಳಿಯಲ್ಲೂ ಟೂತ್‌ಪೇಸ್ಟ್ ಜಾಹೀರಾತುಗಳಲ್ಲೂ ‘ಸೆನ್ಸಿಟಿವಿಟಿ’ ಎಂಬ ಪದ ಬಳಕೆಯಲ್ಲಿದೆ. ಪ್ರಚೋದನೆ ಇರುವಷ್ಟು ಹೊತ್ತು ನೋವಿದ್ದು, ಅದು ನಿಂತೊಡನೆ ನೋವೂ ನಿಲ್ಲುವುದು ಈ ಸ್ಥಿತಿಯ ಮುಖ್ಯ ಗುರುತು.

ದಂತ ಅತಿಸಂವೇದನೆಯು ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಆದರೆ ಹುಳುಕು, ಹಲ್ಲಿನ ಬಿರುಕು, ದಂತಮಜ್ಜೆಯ ಉರಿಯೂತ ಮೊದಲಾದ ತೊಂದರೆಗಳೂ ಆರಂಭದಲ್ಲಿ ಇದೇ ರೀತಿಯ ನೋವಿನಿಂದ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಇತರ ಕಾರಣಗಳಿಲ್ಲವೆಂದು ಪರೀಕ್ಷೆಯಿಂದ ಖಚಿತಪಡಿಸಿಕೊಂಡ ನಂತರವೇ ಅತಿಸಂವೇದನೆ ಎಂದು ನಿರ್ಧರಿಸಲಾಗುತ್ತದೆ.

## ವ್ಯಾಖ್ಯೆ

ದಂತವೈದ್ಯಶಾಸ್ತ್ರದಲ್ಲಿ ಬಳಕೆಯಲ್ಲಿರುವ ವ್ಯಾಖ್ಯೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದಾಗಿ, ನೋವು ತೆರೆದ ಡೆಂಟಿನ್‌ನಿಂದ ಹುಟ್ಟಿರಬೇಕು. ಉಷ್ಣತೆಯ ಬದಲಾವಣೆ, ಒಣಗುವಿಕೆ, ಸ್ಪರ್ಶ, ಪರಾಸರಣ ಅಥವಾ ರಾಸಾಯನಿಕಗಳಂತಹ ಪ್ರಚೋದನೆಗೆ ಅದು ಪ್ರತಿಕ್ರಿಯೆಯಾಗಿರಬೇಕು. ಎರಡನೆಯದಾಗಿ, ಆ ನೋವನ್ನು ಹಲ್ಲಿನ ಬೇರೆ ಯಾವುದೇ ದೋಷ ಅಥವಾ ರೋಗದಿಂದ ವಿವರಿಸಲು ಸಾಧ್ಯವಿರಬಾರದು. 2003ರಲ್ಲಿ ಕೆನಡಾದ ತಜ್ಞರ ಸಲಹಾ ಮಂಡಳಿಯೊಂದು ಪ್ರಕಟಿಸಿದ ಒಮ್ಮತದ ಶಿಫಾರಸುಗಳು ಈ ಎರಡನೆಯ ಭಾಗದ ಮಹತ್ವವನ್ನು ಒತ್ತಿಹೇಳಿವೆ.

## ಹಲ್ಲಿನ ರಚನೆ

ಒಸಡಿನ ಮೇಲೆ ಕಾಣುವ ಹಲ್ಲಿನ ಭಾಗಕ್ಕೆ ಎನಾಮಲ್ ಎಂಬ ಗಟ್ಟಿ ಹೊದಿಕೆ ಇರುತ್ತದೆ. ಇದು ಮನುಷ್ಯನ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ಪದಾರ್ಥ. ಇದರ ತೂಕದಲ್ಲಿ ಸುಮಾರು ಶೇ. 96ರಷ್ಟು ಖನಿಜಾಂಶವಿದ್ದು, ನರಗಳಾಗಲಿ ಜೀವಕೋಶಗಳಾಗಲಿ ಇರುವುದಿಲ್ಲ. ಹಾಗಾಗಿ ಎನಾಮಲ್‌ಗೆ ನೋವಿನ ಅರಿವಿಲ್ಲ. ಒಮ್ಮೆ ಸವೆದುಹೋದರೆ ದೇಹವು ಅದನ್ನು ಮತ್ತೆ ಬೆಳೆಸಲಾರದು. ಜಗಿಯುವ ಮೇಲ್ಮೈಯ ಮೊನೆಗಳಲ್ಲಿ ಎನಾಮಲ್ ದಪ್ಪವಾಗಿದ್ದು, ಒಸಡಿನ ಅಂಚಿಗೆ ಬರುತ್ತ ತೀರ ತೆಳುವಾಗುತ್ತದೆ.

ಒಸಡಿನೊಳಗೆ ಅಡಗಿರುವ ಬೇರಿಗೆ ಎನಾಮಲ್ ಇರುವುದಿಲ್ಲ. ಅದನ್ನು ಸಿಮೆಂಟಮ್ ಎಂಬ ಪದರ ಮುಚ್ಚಿರುತ್ತದೆ. ಹಲ್ಲಿನ ಕುತ್ತಿಗೆಯ ಬಳಿ ಈ ಪದರವು ಬಹಳ ತೆಳು. ಒಸಡು ಸರಿದು ಅದು ಹೊರಬಿದ್ದರೆ ಉಜ್ಜುವಿಕೆಯಿಂದ ಸುಲಭವಾಗಿ ಸವೆಯುತ್ತದೆ. ಕೆಲವು ಹಲ್ಲುಗಳಲ್ಲಿ ಎನಾಮಲ್ ಮತ್ತು ಸಿಮೆಂಟಮ್ ಒಂದನ್ನೊಂದು ತಲುಪದೆ, ನಡುವೆ ಡೆಂಟಿನ್‌ನ ಸಣ್ಣ ಪಟ್ಟಿ ಹುಟ್ಟಿನಿಂದಲೇ ತೆರೆದಿರುತ್ತದೆ.

ಎನಾಮಲ್ ಮತ್ತು ಸಿಮೆಂಟಮ್‌ಗಳ ಒಳಗಿರುವ ಡೆಂಟಿನ್ ಹಲ್ಲಿನ ಬಹುಭಾಗವನ್ನು ಆಕ್ರಮಿಸಿದೆ. ಇದು ತೂಕದಲ್ಲಿ ಸುಮಾರು ಶೇ. 70ರಷ್ಟು ಖನಿಜಾಂಶ, ಶೇ. 20ರಷ್ಟು ಜೈವಿಕ ಪದಾರ್ಥ ಮತ್ತು ಶೇ. 10ರಷ್ಟು ನೀರಿನಿಂದ ಕೂಡಿದೆ. ಡೆಂಟಿನ್‌ನ ವೈಶಿಷ್ಟ್ಯವೆಂದರೆ ಅದರಲ್ಲಿರುವ ಸೂಕ್ಷ್ಮನಾಳಗಳು. ಇವು ಹಲ್ಲಿನ ನಡುವಿನ ಮಜ್ಜೆಯಿಂದ ಹೊರಟು ಹೊರ ಅಂಚಿನವರೆಗೆ ಸಾಗುತ್ತವೆ. ಮಜ್ಜೆಯ ಬಳಿ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 45,000ಕ್ಕೂ ಹೆಚ್ಚು ನಾಳಗಳಿದ್ದು, ಒಂದೊಂದರ ವ್ಯಾಸ ಸುಮಾರು 2.5 ಮೈಕ್ರೋಮೀಟರ್ ಇರುತ್ತದೆ. ಹೊರ ಅಂಚಿಗೆ ಬರುವಷ್ಟರಲ್ಲಿ ಸಂಖ್ಯೆ ಸುಮಾರು 20,000ಕ್ಕೆ ಇಳಿದು, ವ್ಯಾಸ 1 ಮೈಕ್ರೋಮೀಟರಿಗಿಂತ ಕಡಿಮೆಯಾಗುತ್ತದೆ. ಈ ನಾಳಗಳಲ್ಲಿ ದ್ರವ ತುಂಬಿರುತ್ತದೆ. ಡೆಂಟಿನ್ ಅನ್ನು ನಿರ್ಮಿಸುವ ಓಡಾಂಟೋಬ್ಲಾಸ್ಟ್ ಕೋಶಗಳ ಎಳೆಗಳು ಮಜ್ಜೆಯ ಕಡೆಯಿಂದ ನಾಳಗಳೊಳಗೆ ಚಾಚಿಕೊಂಡಿರುತ್ತವೆ. ಕೆಲವು ನಾಳಗಳಲ್ಲಿ ನರತಂತುಗಳೂ ಸುಮಾರು 0.1ರಿಂದ 0.2 ಮಿಲಿಮೀಟರ್ ಆಳದವರೆಗೆ ಪ್ರವೇಶಿಸಿರುತ್ತವೆ.

ಹಲ್ಲಿನ ನಡುವೆ ರಕ್ತನಾಳಗಳು ಮತ್ತು ನರಗಳಿಂದ ಕೂಡಿದ ಮೃದು ಅಂಗಾಂಶವಾದ ದಂತಮಜ್ಜೆ ಇದೆ. ಹಲ್ಲಿನ ನೋವೆಲ್ಲ ಇಲ್ಲಿನ ನರಗಳ ಮೂಲಕವೇ ಮಿದುಳನ್ನು ತಲುಪುತ್ತದೆ.

## ನೋವು ಹುಟ್ಟುವ ಬಗೆ

ನರತಂತುಗಳು ಡೆಂಟಿನ್‌ನ ಹೊರ ಅಂಚನ್ನು ತಲುಪುವುದಿಲ್ಲ. ಆದರೂ ಹೊರ ಅಂಚಿಗೆ ತಗುಲಿದ ತಣ್ಣನೆಯ ನೀರು ಕ್ಷಣಾರ್ಧದಲ್ಲಿ ನೋವು ತರುತ್ತದೆ. ಇದನ್ನು ವಿವರಿಸಲು ಮುಖ್ಯವಾಗಿ ಮೂರು ವಾದಗಳು ಬಂದಿವೆ. ನರಗಳೇ ನೇರವಾಗಿ ಪ್ರಚೋದನೆಗೊಳ್ಳುತ್ತವೆ ಎಂಬುದು ಮೊದಲನೆಯದು. ಓಡಾಂಟೋಬ್ಲಾಸ್ಟ್ ಕೋಶಗಳು ಪ್ರಚೋದನೆಯನ್ನು ಗ್ರಹಿಸಿ ನರಗಳಿಗೆ ದಾಟಿಸುತ್ತವೆ ಎಂಬುದು ಎರಡನೆಯದು. ನಾಳಗಳಲ್ಲಿರುವ ದ್ರವದ ಚಲನೆಯೇ ನರಗಳನ್ನು ಕೆರಳಿಸುತ್ತದೆ ಎಂಬುದು ಮೂರನೆಯದು.

### ದ್ರವಚಲನ ಸಿದ್ಧಾಂತ

ಮೂರನೆಯ ವಾದವು ಇಂದು ಹೆಚ್ಚು ಮನ್ನಣೆ ಪಡೆದಿದೆ. ನಾಳಗಳ ದ್ರವದ ಚಲನೆಗೂ ನೋವಿಗೂ ಸಂಬಂಧವಿರಬಹುದೆಂದು ಆಲ್‌ಫ್ರೆಡ್ ಗೀಸಿ 1900ರಲ್ಲಿಯೇ ಸೂಚಿಸಿದ್ದರು. 1960ರ ದಶಕದಲ್ಲಿ ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರೋಮ್ ಪ್ರಯೋಗಗಳ ಮೂಲಕ ಇದನ್ನು ಬೆಳೆಸಿದರು.

ಈ ಸಿದ್ಧಾಂತದ ಪ್ರಕಾರ, ತೆರೆದ ನಾಳಕ್ಕೆ ತಂಪು ತಗುಲಿದಾಗ ಒಳಗಿನ ದ್ರವ ಕುಗ್ಗಿ ಹೊರಮುಖವಾಗಿ ಚಲಿಸುತ್ತದೆ. ಗಾಳಿ ಬೀಸಿದಾಗ ನಾಳದ ಬಾಯಿಯಲ್ಲಿರುವ ದ್ರವ ಆವಿಯಾಗಿ, ಒಳಗಿನ ದ್ರವ ಹೊರಗೆ ಸೆಳೆಯಲ್ಪಡುತ್ತದೆ. ಸಕ್ಕರೆ ಅಥವಾ ಉಪ್ಪಿನ ಗಾಢ ದ್ರಾವಣವು ಪರಾಸರಣದಿಂದ ದ್ರವವನ್ನು ಹೊರಕ್ಕೆ ಎಳೆಯುತ್ತದೆ. ಬಿಸಿ ತಗುಲಿದಾಗ ಮಾತ್ರ ದ್ರವ ಹಿಗ್ಗಿ ಒಳಮುಖವಾಗಿ ಸರಿಯುತ್ತದೆ. ಹೊರಮುಖ ಚಲನೆಯು ನರಗಳನ್ನು ಹೆಚ್ಚು ಕೆರಳಿಸುವುದರಿಂದ ಬಿಸಿಗಿಂತ ತಂಪಿನಿಂದ ನೋವು ಅನುಭವಿಸುವವರೇ ಹೆಚ್ಚು. ದ್ರವದ ಈ ಹಠಾತ್ ಚಲನೆಯನ್ನು ಎ-ಡೆಲ್ಟಾ ವರ್ಗದ ವೇಗದ ನರತಂತುಗಳು ಗ್ರಹಿಸುತ್ತವೆ. ಚುಚ್ಚಿದಂತಹ, ಸ್ಥಾನ ನಿರ್ದಿಷ್ಟವಾದ ನೋವನ್ನು ಒಯ್ಯುವ ತಂತುಗಳು ಇವೇ. ಮಜ್ಜೆ ಊದಿಕೊಂಡಾಗ ಬರುವ ಮಂದವಾದ, ಹರಡುವ, ಎಡೆಬಿಡದ ನೋವು ಸಿ ವರ್ಗದ ನಿಧಾನ ತಂತುಗಳದ್ದು.

ಈ ಸಿದ್ಧಾಂತಕ್ಕೆ ಸೂಕ್ಷ್ಮದರ್ಶಕದ ಅಧ್ಯಯನಗಳಿಂದಲೂ ಬೆಂಬಲ ದೊರೆತಿದೆ. ಸಂವೇದನೆಯುಳ್ಳ ಹಲ್ಲುಗಳ ತೆರೆದ ಡೆಂಟಿನ್‌ನಲ್ಲಿ ಬಾಯ್ತೆರೆದ ನಾಳಗಳ ಸಂಖ್ಯೆ ಸಂವೇದನೆಯಿಲ್ಲದ ಹಲ್ಲುಗಳಿಗಿಂತ ಸುಮಾರು ಎಂಟು ಪಟ್ಟು ಹೆಚ್ಚಿರುವುದು 1987ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದರಲ್ಲಿ ಕಂಡುಬಂದಿತು. ನಾಳಗಳ ವ್ಯಾಸವೂ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಕೊಳವೆಯಲ್ಲಿ ದ್ರವದ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದರಿಂದ, ವ್ಯಾಸ ಇಮ್ಮಡಿಯಾದರೆ ಹರಿವು ಹದಿನಾರು ಪಟ್ಟು ಹೆಚ್ಚಬಲ್ಲದು. ನಾಳದ ಬಾಯಿಯನ್ನು ಸ್ವಲ್ಪ ಕಿರಿದಾಗಿಸಿದರೂ ನೋವು ಬಹಳಷ್ಟು ತಗ್ಗುವುದಕ್ಕೆ ಇದೇ ಕಾರಣ.

### ತಂಪನ್ನು ಗ್ರಹಿಸುವ ಕೋಶಗಳು

ದ್ರವಚಲನೆಯೊಂದೇ ಎಲ್ಲ ನೋವನ್ನೂ ವಿವರಿಸುವುದಿಲ್ಲ. 2021ರಲ್ಲಿ ಪ್ರಕಟವಾದ, ಮುಖ್ಯವಾಗಿ ಇಲಿಗಳ ಮೇಲೆ ನಡೆದ ಸಂಶೋಧನೆಯೊಂದು ಓಡಾಂಟೋಬ್ಲಾಸ್ಟ್ ಕೋಶಗಳಲ್ಲಿರುವ ಟಿಆರ್‌ಪಿಸಿ5 ಎಂಬ ಪ್ರೋಟೀನು ತಂಪನ್ನು ನೇರವಾಗಿ ಗ್ರಹಿಸುತ್ತದೆ ಎಂದು ತೋರಿಸಿತು. ಲವಂಗದ ಎಣ್ಣೆಯಲ್ಲಿರುವ ಯೂಜೆನಾಲ್ ಈ ಪ್ರೋಟೀನಿನ ಚಟುವಟಿಕೆಯನ್ನು ತಡೆಯುತ್ತದೆ. ಹಲ್ಲುನೋವಿಗೆ ಲವಂಗ ಬಳಸುವ ಹಳೆಯ ರೂಢಿಗೆ ಇದು ಒಂದು ವಿವರಣೆಯನ್ನು ಒದಗಿಸಿದೆ.

## ಕಾರಣಗಳು

ಅತಿಸಂವೇದನೆ ಉಂಟಾಗಲು ಎರಡು ಹಂತಗಳು ಬೇಕು. ಮೊದಲು ಒಸಡು ಸರಿದು ಅಥವಾ ಎನಾಮಲ್ ಸವೆದು ಡೆಂಟಿನ್ ಹೊರಬೀಳಬೇಕು. ನಂತರ ಅದರ ನಾಳಗಳ ಬಾಯಿ ತೆರೆದುಕೊಳ್ಳಬೇಕು. ತೆರೆದ ಡೆಂಟಿನ್‌ನ ಮೇಲೆ ಸಾಮಾನ್ಯವಾಗಿ ಸೂಕ್ಷ್ಮಕಣಗಳ ತೆಳು ಲೇಪವೊಂದು ಕುಳಿತು ನಾಳಗಳನ್ನು ಮುಚ್ಚಿರುತ್ತದೆ. ಲಾಲಾರಸದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕೂಡ ನಾಳಗಳನ್ನು ನಿಧಾನವಾಗಿ ತುಂಬುತ್ತವೆ. ಈ ಸಹಜ ಮುಚ್ಚಳವನ್ನು ಆಮ್ಲ ಕರಗಿಸಿದಾಗ ಅಥವಾ ಬಿರುಸಾದ ಉಜ್ಜುವಿಕೆ ಕಿತ್ತಾಗ ನೋವು ಕಾಣಿಸಿಕೊಳ್ಳುತ್ತದೆ. ಬೇರು ತೆರೆದಿರುವ ಎಲ್ಲರಿಗೂ ಹಲ್ಲು ಜುಮ್ಮೆನ್ನದಿರುವುದು ಈ ಕಾರಣದಿಂದ.

### ಒಸಡು ಸರಿಯುವುದು

ಡೆಂಟಿನ್ ಹೊರಬೀಳುವುದಕ್ಕೆ ಒಸಡು ಸರಿಯುವುದೇ ಪ್ರಮುಖ ಕಾರಣ. ಇದು ಎರಡು ವಿರುದ್ಧ ಬಗೆಯ ಜನರಲ್ಲಿ ಕಂಡುಬರುತ್ತದೆ. ಹಲ್ಲುಗಳನ್ನು ಸರಿಯಾಗಿ ಉಜ್ಜದವರಲ್ಲಿ ಪಾಚಿ ಕಟ್ಟಿ, ಒಸಡಿನ ರೋಗ ಬಂದು, ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತದೆ. ಅತಿಯಾದ ಶ್ರದ್ಧೆಯಿಂದ, ಗಟ್ಟಿ ಎಳೆಗಳ ಬ್ರಷ್ಷಿನಿಂದ ಬಲವಾಗಿ ಅಡ್ಡಡ್ಡ ಉಜ್ಜುವವರಲ್ಲಿ ಆರೋಗ್ಯವಂತ ಒಸಡೇ ಗಾಯಗೊಂಡು ಹಿಂದೆ ಸರಿಯುತ್ತದೆ. ಬಲಗೈಯಲ್ಲಿ ಉಜ್ಜುವವರಲ್ಲಿ ಬಾಯಿಯ ಎಡಭಾಗದ ಹಲ್ಲುಗಳಲ್ಲಿ ಒಸಡು ಹೆಚ್ಚು ಸರಿದಿರುವುದನ್ನು ಅಧ್ಯಯನಗಳು ಗುರುತಿಸಿವೆ. ತಂಬಾಕು ಸೇವನೆ, ಹುಟ್ಟಿನಿಂದಲೇ ತೆಳುವಾದ ಒಸಡು, ಸಾಲು ತಪ್ಪಿ ಹೊರಚಾಚಿದ ಹಲ್ಲು ಇವೂ ಒಸಡು ಸರಿಯಲು ನೆರವಾಗುತ್ತವೆ.

### ಆಮ್ಲದಿಂದ ಸವೆತ

ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್‌ನ ಖನಿಜಗಳು ಕರಗತೊಡಗುತ್ತವೆ. ಡೆಂಟಿನ್ ಇದಕ್ಕಿಂತ ಸೌಮ್ಯವಾದ ಆಮ್ಲದಲ್ಲಿಯೂ ಕರಗುತ್ತದೆ. ನಿಂಬೆರಸದ ಪಿಎಚ್ 2ರಿಂದ 2.5ರಷ್ಟು, ಕೋಲಾ ಪಾನೀಯಗಳದ್ದು ಸುಮಾರು 2.5. ಹುಣಸೆ, ಕಿತ್ತಳೆ, ಮಾವಿನಕಾಯಿ, ವಿನೆಗರ್ ಹಾಕಿದ ಉಪ್ಪಿನಕಾಯಿ ಮತ್ತು ಸೋಡಾ ಪಾನೀಯಗಳು ಈ ಗುಂಪಿಗೆ ಸೇರುತ್ತವೆ. ಇಲ್ಲಿ ಒಟ್ಟು ಪ್ರಮಾಣಕ್ಕಿಂತ ಎಷ್ಟು ಬಾರಿ ಮತ್ತು ಎಷ್ಟು ಹೊತ್ತು ಹಲ್ಲಿಗೆ ತಾಗಿತು ಎಂಬುದು ಮುಖ್ಯ. ಊಟದೊಂದಿಗೆ ತಿಂದ ಹುಳಿಗಿಂತ, ಗುಟುಕು ಗುಟುಕಾಗಿ ಗಂಟೆಗಟ್ಟಲೆ ಹೀರಿದ ಪಾನೀಯವು ಹೆಚ್ಚು ಹಾನಿ ಮಾಡುತ್ತದೆ.

ಆಮ್ಲವು ದೇಹದೊಳಗಿನಿಂದಲೂ ಬರಬಹುದು. ಜಠರದ ಆಮ್ಲದ ಪಿಎಚ್ 1ರಿಂದ 2ರಷ್ಟಿದ್ದು, ಹುಳಿತೇಗು, ಆಮ್ಲ ಹಿಮ್ಮರಳುವ ಕಾಯಿಲೆ, ಗರ್ಭಿಣಿಯರ ವಾಂತಿ ಮತ್ತು ಬುಲಿಮಿಯಾದಂತಹ ಆಹಾರ ಸೇವನೆಯ ಮನೋರೋಗಗಳಲ್ಲಿ ಅದು ಬಾಯಿಗೆ ಬರುತ್ತದೆ. ಮೇಲಿನ ಮುಂಭಾಗದ ಹಲ್ಲುಗಳ ಒಳಮೈ ವಿಶೇಷವಾಗಿ ಸವೆದಿದ್ದರೆ ದಂತವೈದ್ಯರು ಇಂತಹ ಕಾರಣವನ್ನು ಶಂಕಿಸುತ್ತಾರೆ.

### ಉಜ್ಜುವಿಕೆ ಮತ್ತು ಘರ್ಷಣೆ

ಟೂತ್‌ಪೇಸ್ಟ್‌ನಲ್ಲಿರುವ ಉಜ್ಜುಕಣಗಳು ಡೆಂಟಿನ್ ಅನ್ನು ಸವೆಸಬಲ್ಲವು. ಇವುಗಳ ಬಿರುಸನ್ನು ಆರ್‌ಡಿಎ ಎಂಬ ಸೂಚ್ಯಂಕದಿಂದ ಅಳೆಯಲಾಗುತ್ತದೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದರ ಗರಿಷ್ಠ ಮಿತಿ 250. ಕರ್ನಾಟಕವೂ ಸೇರಿದಂತೆ ಭಾರತದ ಹಲವೆಡೆ ಬೆರಳಿನಿಂದ ಇದ್ದಿಲ ಪುಡಿ, ಬೂದಿ, ಇಟ್ಟಿಗೆ ಪುಡಿ ಅಥವಾ ಹರಳುಪ್ಪನ್ನು ತಿಕ್ಕುವ ರೂಢಿ ಇತ್ತು, ಕೆಲವು ಮನೆಗಳಲ್ಲಿ ಇಂದಿಗೂ ಉಳಿದಿದೆ. ಇಂತಹ ಒರಟು ಪುಡಿಗಳ ನಿತ್ಯ ಬಳಕೆಯಿಂದ ಹಲ್ಲಿನ ಕುತ್ತಿಗೆಯಲ್ಲಿ ಕಚ್ಚು ಬಿದ್ದಂತಹ ಸವೆತ ಉಂಟಾಗಬಹುದು. ಹಲ್ಲು ಬೆಳ್ಳಗಾಗಿಸಲು ಈಚೆಗೆ ಮಾರಾಟವಾಗುತ್ತಿರುವ ಇದ್ದಿಲಿನ ಪುಡಿಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸದಿಂದ ಜಗಿಯುವ ಮೇಲ್ಮೈ ಸವೆಯುತ್ತದೆ. ವರ್ಷಾನುಗಟ್ಟಲೆ ಅಡಿಕೆ ಜಗಿಯುವವರಲ್ಲಿಯೂ ದವಡೆ ಹಲ್ಲುಗಳು ಚಪ್ಪಟೆಯಾಗಿ ಡೆಂಟಿನ್ ಕಾಣಿಸಿಕೊಳ್ಳುವುದುಂಟು.

### ಚಿಕಿತ್ಸೆಯ ನಂತರದ ಸಂವೇದನೆ

ಹಲ್ಲು ಬಿಳುಪಾಗಿಸುವ ಚಿಕಿತ್ಸೆ, ಹಲ್ಲು ತುಂಬಿಸುವುದು ಮತ್ತು ಒಸಡಿನ ಚಿಕಿತ್ಸೆಯ ನಂತರ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಹಲ್ಲು ಜುಮ್ಮೆನ್ನಬಹುದು. ಬಹುಪಾಲು ಇದು ತಾನಾಗಿ ಶಮನವಾಗುತ್ತದೆ.

## ಹರಡುವಿಕೆ

ಜನರಲ್ಲಿ ಈ ತೊಂದರೆ ಎಷ್ಟು ವ್ಯಾಪಕವಾಗಿದೆ ಎಂಬ ಬಗ್ಗೆ ಅಧ್ಯಯನಗಳ ಅಂಕಿಗಳು ಬಹಳ ಭಿನ್ನವಾಗಿವೆ. ಪ್ರಶ್ನಾವಳಿಯಿಂದ ಮಾತ್ರ ನಡೆಸಿದ ಸಮೀಕ್ಷೆಗಳಲ್ಲಿ ಪ್ರಮಾಣ ಹೆಚ್ಚಾಗಿಯೂ, ಹಲ್ಲನ್ನು ಪರೀಕ್ಷಿಸಿ ಇತರ ಕಾರಣಗಳನ್ನು ಹೊರಗಿಟ್ಟ ಅಧ್ಯಯನಗಳಲ್ಲಿ ಕಡಿಮೆಯಾಗಿಯೂ ಕಾಣುತ್ತದೆ. 2019ರ ಒಂದು ವ್ಯವಸ್ಥಿತ ಪರಾಮರ್ಶೆಯು ಎಲ್ಲ ಅಧ್ಯಯನಗಳ ಸರಾಸರಿಯನ್ನು ಶೇ. 33.5 ಎಂದೂ, ಹೆಚ್ಚು ವಿಶ್ವಾಸಾರ್ಹ ಅಂದಾಜನ್ನು ಶೇ. 11.5 ಎಂದೂ ನೀಡಿತು. ಒಸಡಿನ ರೋಗವಿರುವವರಲ್ಲಿ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು.

ತೊಂದರೆ ಸಾಮಾನ್ಯವಾಗಿ 20ರಿಂದ 50 ವರ್ಷದೊಳಗಿನವರಲ್ಲಿ ಕಂಡುಬರುತ್ತದೆ. ವಯಸ್ಸಾದಂತೆ ಒಸಡು ಹೆಚ್ಚು ಸರಿಯುವುದಾದರೂ ಸಂವೇದನೆ ಕಡಿಮೆಯಾಗುವುದುಂಟು. ಮಜ್ಜೆಯ ಸುತ್ತ ಹೊಸ ಡೆಂಟಿನ್ ಸೇರುತ್ತ ಹೋಗುವುದು ಮತ್ತು ನಾಳಗಳು ಖನಿಜಗಳಿಂದ ಕಿರಿದಾಗುವುದು ಇದಕ್ಕೆ ಕಾರಣ. ಕೋರೆಹಲ್ಲುಗಳು ಮತ್ತು ಅವುಗಳ ಹಿಂದಿರುವ ಮುಂದವಡೆ ಹಲ್ಲುಗಳ ಕೆನ್ನೆಯ ಕಡೆಯ ಕುತ್ತಿಗೆ ಭಾಗದಲ್ಲಿ ನೋವು ಹೆಚ್ಚು. ಬ್ರಷ್ಷಿನ ಒತ್ತಡವೂ ಈ ಜಾಗದಲ್ಲಿಯೇ ಹೆಚ್ಚು ಬೀಳುತ್ತದೆ.

## ಲಕ್ಷಣಗಳು

- ತಣ್ಣೀರು, ಐಸ್‌ಕ್ರೀಂ, ತಂಪು ಗಾಳಿ ತಗುಲಿದಾಗ ಚುಚ್ಚಿದಂತಹ ನೋವು.
- ಹುಳಿ ಅಥವಾ ಸಿಹಿ ತಿಂದಾಗ, ಕೆಲವರಲ್ಲಿ ಬಿಸಿ ಕಾಫಿ ಕುಡಿದಾಗ ಜುಮ್ಮೆನ್ನುವುದು.
- ಬ್ರಷ್ಷಿನ ಎಳೆ ಅಥವಾ ಉಗುರು ಹಲ್ಲಿನ ಕುತ್ತಿಗೆಗೆ ತಾಗಿದಾಗ ನೋವು.
- ಪ್ರಚೋದನೆ ಇಲ್ಲದಿರುವಾಗ ಯಾವ ನೋವೂ ಇಲ್ಲದಿರುವುದು.

ನೋವಿಗೆ ಹೆದರಿ ಆ ಭಾಗವನ್ನು ಉಜ್ಜದೆ ಬಿಡುವವರಿದ್ದಾರೆ. ಆಗ ಅಲ್ಲಿ ಪಾಚಿ ಕಟ್ಟಿ, ಒಸಡು ಊದಿ, ಮತ್ತಷ್ಟು ಬೇರು ಹೊರಬಿದ್ದು ಸಂವೇದನೆ ಹೆಚ್ಚುತ್ತದೆ.

## ಪತ್ತೆ

ದಂತವೈದ್ಯರು ಮೊದಲು ನೋವಿನ ಸ್ವರೂಪ, ಆಹಾರ ಪದ್ಧತಿ, ಹಲ್ಲುಜ್ಜುವ ರೀತಿ ಹಾಗೂ ಹುಳಿತೇಗಿನಂತಹ ತೊಂದರೆಗಳನ್ನು ವಿಚಾರಿಸುತ್ತಾರೆ. ನಂತರ ಅಕ್ಕಪಕ್ಕದ ಹಲ್ಲುಗಳನ್ನು ಮರೆಮಾಡಿ, ಸುಮಾರು 1 ಸೆಂಟಿಮೀಟರ್ ದೂರದಿಂದ ಒಂದು ಸೆಕೆಂಡ್ ಗಾಳಿ ಹಾಯಿಸಿ ಪ್ರತಿಕ್ರಿಯೆ ನೋಡುತ್ತಾರೆ. ಇದನ್ನು ಶಿಫ್ ಮಾಪಕದಲ್ಲಿ 0ಯಿಂದ 3ರವರೆಗೆ ಗುರುತಿಸಲಾಗುತ್ತದೆ. ಪ್ರತಿಕ್ರಿಯೆಯೇ ಇಲ್ಲದಿದ್ದರೆ 0, ನೋವೆಂದು ಹೇಳಿ ನಿಲ್ಲಿಸಲು ಕೋರಿದರೆ 3. ಮೊನೆಯುಳ್ಳ ಉಪಕರಣವನ್ನು ಹಲ್ಲಿನ ಕುತ್ತಿಗೆಯ ಮೇಲೆ ಮೆಲ್ಲನೆ ಎಳೆದೂ ಪರೀಕ್ಷಿಸುತ್ತಾರೆ. ಅಗತ್ಯವಿದ್ದರೆ ಎಕ್ಸ್-ರೇ ತೆಗೆಯಲಾಗುತ್ತದೆ.

### ಹೋಲುವ ಇತರ ತೊಂದರೆಗಳು

- ಹುಳುಕು: ಸಿಹಿ ಮತ್ತು ತಂಪಿಗೆ ನೋವು ಬರುತ್ತದೆ. ಹಲ್ಲಿನಲ್ಲಿ ಕಪ್ಪು ಕಲೆ ಅಥವಾ ಕುಳಿ ಕಾಣಬಹುದು. ಎರಡು ಹಲ್ಲುಗಳ ನಡುವಿನ ಹುಳುಕು ಎಕ್ಸ್-ರೇ ಇಲ್ಲದೆ ಕಾಣದಿರಬಹುದು.
- ಬಿರುಕು ಬಿಟ್ಟ ಹಲ್ಲು: ಕಚ್ಚಿದಾಗ, ಅದರಲ್ಲೂ ಕಚ್ಚಿ ಬಿಡುವಾಗ ತೀಕ್ಷ್ಣ ನೋವು.
- ಸಡಿಲವಾದ ಅಥವಾ ಒಡೆದ ತುಂಬಿಕೆ: ಹಿಂದೆ ತುಂಬಿಸಿದ ಹಲ್ಲಿನ ಅಂಚಿನಲ್ಲಿ ದ್ರವ ನುಸುಳಿ ನೋವು.
- ದಂತಮಜ್ಜೆಯ ಉರಿಯೂತ: ಪ್ರಚೋದನೆ ನಿಂತ ಮೇಲೂ ನೋವು ಅರ್ಧ ನಿಮಿಷಕ್ಕಿಂತ ಹೆಚ್ಚು ಉಳಿಯುವುದು, ರಾತ್ರಿ ತಾನಾಗಿ ಬರುವುದು, ಬಿಸಿಗೆ ಹೆಚ್ಚಾಗುವುದು.
- ಸೈನಸ್ ಉರಿಯೂತ: ಮೇಲಿನ ಹಿಂಭಾಗದ ಹಲವು ಹಲ್ಲುಗಳಲ್ಲಿ ಒಟ್ಟಿಗೆ ಮಂದ ನೋವು, ತಲೆ ಬಗ್ಗಿಸಿದಾಗ ಹೆಚ್ಚಳ.

ಇವುಗಳಲ್ಲಿ ಯಾವುದಕ್ಕೂ ಸಂವೇದನೆ ತಗ್ಗಿಸುವ ಟೂತ್‌ಪೇಸ್ಟ್ ಪರಿಹಾರವಲ್ಲ. ಪೇಸ್ಟ್‌ನಿಂದ ನೋವು ಸ್ವಲ್ಪ ತಗ್ಗಿದರೆ ರೋಗಿಯು ತಪಾಸಣೆಯನ್ನು ಮುಂದೂಡುತ್ತಾನೆ. ಅಷ್ಟರಲ್ಲಿ ಸಣ್ಣ ತುಂಬಿಕೆಯಿಂದ ಮುಗಿಯಬಹುದಾಗಿದ್ದ ಹುಳುಕು ಮಜ್ಜೆಯನ್ನು ತಲುಪಿ, ರೂಟ್ ಕೆನಾಲ್ ಚಿಕಿತ್ಸೆ ಅಥವಾ ಹಲ್ಲು ಕೀಳುವ ಹಂತಕ್ಕೆ ಹೋಗಬಹುದು.

## ನಿರ್ವಹಣೆ

ಚಿಕಿತ್ಸೆಯ ದಾರಿಗಳು ಎರಡು: ನಾಳಗಳ ಬಾಯಿಯನ್ನು ಮುಚ್ಚುವುದು ಅಥವಾ ನರಗಳ ಪ್ರತಿಕ್ರಿಯೆಯನ್ನು ಶಮನಗೊಳಿಸುವುದು. ಮೂಲ ಕಾರಣ ಮುಂದುವರಿದರೆ ಮುಚ್ಚಿದ ನಾಳಗಳು ಮತ್ತೆ ತೆರೆಯುತ್ತವೆ. ಆದ್ದರಿಂದ ಉಜ್ಜುವ ರೀತಿ ಮತ್ತು ಆಹಾರದ ಅಭ್ಯಾಸಗಳನ್ನು ತಿದ್ದುವುದು ಚಿಕಿತ್ಸೆಯ ಮೊದಲ ಭಾಗವಾಗಿದೆ. ಸಾಮಾನ್ಯವಾಗಿ ಸರಳವಾದ, ಹಿಂದಕ್ಕೆ ಪಡೆಯಬಹುದಾದ ಕ್ರಮಗಳಿಂದ ಆರಂಭಿಸಿ, ಫಲ ಕಾಣದಿದ್ದಲ್ಲಿ ಮಾತ್ರ ಮುಂದಿನ ಹಂತಕ್ಕೆ ಹೋಗಲಾಗುತ್ತದೆ.

ಸಂವೇದನೆ ತಗ್ಗಿಸುವ ಆದರ್ಶ ಔಷಧ ಹೇಗಿರಬೇಕೆಂದು ಲೂಯಿ ಗ್ರಾಸ್‌ಮನ್ 1935ರಲ್ಲಿ ಪಟ್ಟಿ ಮಾಡಿದ್ದರು. ಅದು ಮಜ್ಜೆಗೆ ಹಾನಿ ಮಾಡಬಾರದು, ಹಚ್ಚುವಾಗ ನೋಯಿಸಬಾರದು, ಹಚ್ಚಲು ಸುಲಭವಾಗಿರಬೇಕು, ಬೇಗ ಫಲ ನೀಡಬೇಕು, ಆ ಫಲ ಎಲ್ಲರಲ್ಲೂ ಸಮಾನವಾಗಿಯೂ ಶಾಶ್ವತವಾಗಿಯೂ ಇರಬೇಕು ಹಾಗೂ ಹಲ್ಲಿನ ಬಣ್ಣ ಕೆಡಿಸಬಾರದು. ಈ ಎಲ್ಲ ಗುಣಗಳೂ ಇರುವ ಒಂದೇ ಔಷಧ ಇಂದಿಗೂ ಲಭ್ಯವಿಲ್ಲ.

### ಮನೆಯಲ್ಲಿ ಬಳಸುವ ಟೂತ್‌ಪೇಸ್ಟ್‌ಗಳು

ಪೊಟ್ಯಾಸಿಯಂ ನೈಟ್ರೇಟ್ (ಸಾಮಾನ್ಯವಾಗಿ ಶೇ. 5) ಇರುವ ಪೇಸ್ಟ್‌ಗಳು ವ್ಯಾಪಕವಾಗಿ ಬಳಕೆಯಲ್ಲಿವೆ. ಇದರ ಪೊಟ್ಯಾಸಿಯಂ ಅಯಾನುಗಳು ನಾಳಗಳ ಮೂಲಕ ನರತುದಿಗಳ ಸುತ್ತ ಸೇರಿ, ನರವು ಮತ್ತೆ ಮತ್ತೆ ಕೆರಳದಂತೆ ತಡೆಯುತ್ತವೆ ಎಂದು ಭಾವಿಸಲಾಗಿದೆ. ಪರಿಣಾಮ ಕಾಣಲು ಕೆಲವು ವಾರಗಳ ನಿತ್ಯ ಬಳಕೆ ಬೇಕು. ಬಳಕೆ ನಿಲ್ಲಿಸಿದರೆ ನೋವು ಮರಳಬಹುದು. ಪೊಟ್ಯಾಸಿಯಂ ಪೇಸ್ಟ್‌ಗಳ ಬಗ್ಗೆ 2006ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯು ಅವುಗಳ ಪರಿಣಾಮಕ್ಕೆ ಬಲವಾದ ಪುರಾವೆಯಿಲ್ಲ ಎಂಬ ತೀರ್ಮಾನಕ್ಕೆ ಬಂದಿತ್ತು. ನೋವಿನ ಅಧ್ಯಯನಗಳಲ್ಲಿ ಔಷಧವಿಲ್ಲದ ಪೇಸ್ಟ್ ಬಳಸಿದವರಿಗೂ ಗಮನಾರ್ಹ ಶಮನ ಕಂಡುಬರುವುದು ಇಂತಹ ಮೌಲ್ಯಮಾಪನವನ್ನು ಕಷ್ಟಗೊಳಿಸುತ್ತದೆ.

ನಾಳಗಳನ್ನು ಮುಚ್ಚುವ ಪೇಸ್ಟ್‌ಗಳಲ್ಲಿ ಸ್ಟ್ರಾನ್ಷಿಯಂ ಲವಣಗಳು, ಸ್ಟ್ಯಾನಸ್ ಫ್ಲೋರೈಡ್, ಶೇ. 8ರ ಆರ್ಜಿನಿನ್ ಮತ್ತು ಕ್ಯಾಲ್ಸಿಯಂ ಕಾರ್ಬೋನೇಟ್ ಮಿಶ್ರಣ ಹಾಗೂ ಕ್ಯಾಲ್ಸಿಯಂ ಸೋಡಿಯಂ ಫಾಸ್ಫೊಸಿಲಿಕೇಟ್ ಎಂಬ ಜೈವಿಕ ಗಾಜು ಮುಖ್ಯವಾದವು. ಸಂವೇದನೆಗೆಂದೇ ತಯಾರಾದ ಸೆನ್ಸೊಡೈನ್ 1961ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಸ್ಟ್ರಾನ್ಷಿಯಂ ಕ್ಲೋರೈಡ್ ಇತ್ತು. ಸ್ಟ್ಯಾನಸ್ ಫ್ಲೋರೈಡ್‌ನಿಂದ ಕೆಲವರ ಹಲ್ಲಿನ ಮೇಲ್ಮೈಯಲ್ಲಿ ಕಲೆ ಬೀಳುವುದುಂಟು. ಅದನ್ನು ಶುಚಿಗೊಳಿಸಿ ತೆಗೆಯಬಹುದು.

ಈ ಪೇಸ್ಟ್‌ಗಳನ್ನು ದಿನಕ್ಕೆ ಎರಡು ಬಾರಿ ಬಳಸಬೇಕು. ಉಜ್ಜಿದ ನಂತರ ನೊರೆಯನ್ನು ಉಗಿದು, ಹೆಚ್ಚು ನೀರಿನಿಂದ ಮುಕ್ಕಳಿಸದಿದ್ದರೆ ಔಷಧಾಂಶ ಹಲ್ಲಿನ ಮೇಲೆ ಹೆಚ್ಚು ಹೊತ್ತು ಉಳಿಯುತ್ತದೆ. ನಾಲ್ಕು ವಾರಗಳ ಬಳಕೆಯ ನಂತರವೂ ನೋವು ಉಳಿದರೆ ದಂತವೈದ್ಯರನ್ನು ಕಾಣಬೇಕು. 12 ವರ್ಷದೊಳಗಿನ ಮಕ್ಕಳಿಗೆ ವೈದ್ಯರ ಸಲಹೆಯಿಲ್ಲದೆ ಇವುಗಳನ್ನು ಬಳಸಬಾರದು.

ಫ್ಲೋರೈಡ್ ಹಲ್ಲಿನ ಖನಿಜಗಳನ್ನು ಬಲಪಡಿಸುತ್ತದೆ. ಭಾರತದಲ್ಲಿ ಟೂತ್‌ಪೇಸ್ಟ್‌ಗಳಲ್ಲಿ ಅದರ ಪ್ರಮಾಣ 1,000 ಪಿಪಿಎಂ ಮೀರುವಂತಿಲ್ಲ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಮಕ್ಕಳು ಪೇಸ್ಟ್ ನುಂಗದಂತೆ ನೋಡಿಕೊಳ್ಳುವುದು ಅಗತ್ಯ.

### ದಂತವೈದ್ಯರಲ್ಲಿ ಚಿಕಿತ್ಸೆ

- ಫ್ಲೋರೈಡ್ ವಾರ್ನಿಷ್: ಶೇ. 5ರ ಸೋಡಿಯಂ ಫ್ಲೋರೈಡ್ ಲೇಪನ. ಕ್ಯಾಲ್ಸಿಯಂ ಫ್ಲೋರೈಡ್ ಕಣಗಳು ನಾಳದ ಬಾಯಿಯಲ್ಲಿ ಕೂರುತ್ತವೆ. ಕಾಲಕಾಲಕ್ಕೆ ಮತ್ತೆ ಹಚ್ಚಬೇಕಾಗುತ್ತದೆ.
- ಆಕ್ಸಲೇಟ್ ದ್ರಾವಣಗಳು: ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳನ್ನು ಉಂಟುಮಾಡಿ ನಾಳಗಳನ್ನು ತುಂಬುತ್ತವೆ.
- ಗ್ಲುಟರಾಲ್ಡಿಹೈಡ್ ಇರುವ ಲೇಪನಗಳು: ನಾಳದ ದ್ರವದಲ್ಲಿರುವ ಪ್ರೋಟೀನುಗಳನ್ನು ಹೆಪ್ಪುಗಟ್ಟಿಸಿ ಚಲನೆಯನ್ನು ತಡೆಯುತ್ತವೆ.
- ಅಂಟು ಲೇಪನ ಮತ್ತು ತುಂಬಿಕೆ: ಕುತ್ತಿಗೆಯಲ್ಲಿ ಕಚ್ಚು ಬಿದ್ದಿದ್ದರೆ ಗ್ಲಾಸ್ ಅಯೊನೊಮರ್ ಸಿಮೆಂಟ್ ಅಥವಾ ಕಾಂಪೊಸಿಟ್‌ನಿಂದ ತುಂಬಲಾಗುತ್ತದೆ.
- ಲೇಸರ್: ಕೆಲವು ಬಗೆಯ ಲೇಸರ್‌ಗಳು ಡೆಂಟಿನ್‌ನ ಮೇಲ್ಮೈಯನ್ನು ಕರಗಿಸಿ ನಾಳಗಳನ್ನು ಮುಚ್ಚುತ್ತವೆ, ಕೆಲವು ನರದ ಪ್ರತಿಕ್ರಿಯೆಯನ್ನು ತಗ್ಗಿಸುತ್ತವೆ. ಫಲಿತಾಂಶಗಳು ಏಕರೂಪವಾಗಿಲ್ಲ.
- ಒಸಡಿನ ಕಸಿ: ಬಾಯಿಯ ಅಂಗುಳಿನಿಂದ ಅಂಗಾಂಶ ತೆಗೆದು ತೆರೆದ ಬೇರನ್ನು ಮುಚ್ಚುವ ಶಸ್ತ್ರಚಿಕಿತ್ಸೆ.
- ಹಲ್ಲು ಕಡಿತಕ್ಕೆ ರಕ್ಷಾಕವಚ: ರಾತ್ರಿ ಧರಿಸುವ ಪ್ಲಾಸ್ಟಿಕ್ ಹೊದಿಕೆ.

ಇವೆಲ್ಲ ವಿಫಲವಾಗಿ ನೋವು ಸಹಿಸಲಾಗದಿದ್ದಲ್ಲಿ ಮಾತ್ರ ಕೊನೆಯ ಉಪಾಯವಾಗಿ ರೂಟ್ ಕೆನಾಲ್ ಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ಇದರಲ್ಲಿ ಮಜ್ಜೆಯನ್ನೇ ತೆಗೆಯುವುದರಿಂದ ಇದು ಹಿಂದಕ್ಕೆ ಪಡೆಯಲಾಗದ ಕ್ರಮ.

### ಮನೆಮದ್ದುಗಳು

ಲವಂಗದ ಎಣ್ಣೆ ನೋವನ್ನು ತಾತ್ಕಾಲಿಕವಾಗಿ ಮಂಕುಗೊಳಿಸುತ್ತದೆ. ಆದರೆ ನಾಳಗಳನ್ನು ಮುಚ್ಚುವುದಿಲ್ಲ. ನೇರವಾಗಿ ಹೆಚ್ಚು ಹಚ್ಚಿದರೆ ಒಸಡು ಸುಡಬಹುದು. ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮುಕ್ಕಳಿಸುವುದು ಊದಿದ ಒಸಡಿಗೆ ಹಿತವೆನಿಸಿದರೂ ಅತಿಸಂವೇದನೆಗೆ ಚಿಕಿತ್ಸೆಯಲ್ಲ. ನಿಂಬೆರಸಕ್ಕೆ ಉಪ್ಪು ಅಥವಾ ಅಡುಗೆ ಸೋಡಾ ಬೆರೆಸಿ ಹಲ್ಲು ತಿಕ್ಕುವುದು ಆಮ್ಲ ಮತ್ತು ಘರ್ಷಣೆ ಎರಡನ್ನೂ ಒಟ್ಟುಗೂಡಿಸುವ ಅಪಾಯಕರ ಕ್ರಮ. ನೋವಿರುವ ಹಲ್ಲಿನ ಪಕ್ಕ ಆಸ್ಪಿರಿನ್ ಮಾತ್ರೆ ಇಟ್ಟುಕೊಂಡರೆ ಒಸಡು ಮತ್ತು ಕೆನ್ನೆಯ ಒಳಪದರ ಸುಟ್ಟು ಹುಣ್ಣಾಗುತ್ತದೆ.

## ಹಲ್ಲು ಶುಚಿ ಮಾಡಿಸುವುದರ ಬಗ್ಗೆ ತಪ್ಪು ತಿಳಿವಳಿಕೆ

ದಂತವೈದ್ಯರಲ್ಲಿ ಹಲ್ಲು ಶುಚಿ ಮಾಡಿಸಿದರೆ ಎನಾಮಲ್ ಹೋಗುತ್ತದೆ, ಹಲ್ಲು ಸಡಿಲವಾಗಿ ಜುಮ್ಮೆನ್ನತೊಡಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಒಸಡಿನ ರೋಗದಲ್ಲಿ ಬೇರಿನ ಸುತ್ತ ಗಟ್ಟಿಯಾದ ಪಾಚಿಯ ಪದರ ಕಟ್ಟಿಕೊಂಡಿರುತ್ತದೆ. ಅದರಡಿಯಲ್ಲಿ ಒಸಡು ಮತ್ತು ಮೂಳೆ ಆಗಲೇ ಹಿಂದೆ ಸರಿದಿರುತ್ತವೆ. ಪಾಚಿಯನ್ನು ತೆಗೆದಾಗ ಅದುವರೆಗೆ ಮುಚ್ಚಿದ್ದ ಬೇರು ಗಾಳಿ ನೀರಿಗೆ ತೆರೆದುಕೊಳ್ಳುತ್ತದೆ. ಊದಿದ್ದ ಒಸಡು ಇಳಿದಾಗ ಬೇರು ಇನ್ನಷ್ಟು ಕಾಣುತ್ತದೆ. ಹಾನಿ ಮಾಡಿರುವುದು ರೋಗವೇ ಹೊರತು ಶುಚಿಗೊಳಿಸುವಿಕೆಯಲ್ಲ. ಇದರಿಂದ ಬರುವ ಸಂವೇದನೆಯು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ಶುಚಿ ಮಾಡಿಸದೆ ಬಿಟ್ಟರೆ ಮೂಳೆ ಕರಗುತ್ತ ಹೋಗಿ ಕಾಲಕ್ರಮದಲ್ಲಿ ಹಲ್ಲೇ ಉದುರಬಹುದು.

## ತಡೆಗಟ್ಟುವಿಕೆ

- ಮೃದು ಎಳೆಗಳ ಬ್ರಷ್ ಬಳಸಿ, ಬೆರಳ ತುದಿಗಳಲ್ಲಿ ಹಿಡಿದು ಹಗುರವಾಗಿ, ಒಸಡಿನಿಂದ ಹಲ್ಲಿನ ಕಡೆಗೆ ಉಜ್ಜುವುದು.
- ಎಳೆಗಳು ಬಾಗಿದ ಬ್ರಷ್ಷನ್ನು ಬದಲಾಯಿಸುವುದು. ಎಳೆಗಳು ಬೇಗ ಬಾಗುತ್ತಿದ್ದರೆ ಅದು ಅತಿ ಒತ್ತಡದ ಸೂಚನೆ.
- ಒರಟು ಹಲ್ಲುಪುಡಿ, ಇದ್ದಿಲು ಮತ್ತು ಬೂದಿಯನ್ನು ಬಿಡುವುದು.
- ಹುಳಿ ಪದಾರ್ಥಗಳನ್ನು ಊಟದ ಜೊತೆಗೇ ಸೇವಿಸುವುದು, ತಂಪು ಪಾನೀಯಗಳನ್ನು ಬಾಯಲ್ಲಿ ಆಡಿಸದೆ ಕುಡಿದು ಮುಗಿಸುವುದು.
- ಹುಳಿ ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸುವುದು. ಮೃದುವಾದ ಮೇಲ್ಮೈ ಸವೆಯದಿರಲು ಅರ್ಧ ಗಂಟೆಯ ನಂತರ ಹಲ್ಲುಜ್ಜುವುದು ಒಳ್ಳೆಯದೆಂಬುದು ಸಾಮಾನ್ಯ ಸಲಹೆ.
- ವಾಂತಿಯಾದ ತಕ್ಷಣ ಉಜ್ಜದೆ, ನೀರು ಅಥವಾ ಚಿಟಿಕೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಮುಕ್ಕಳಿಸುವುದು.
- ತಂಬಾಕು ಮತ್ತು ಅಡಿಕೆ ಸೇವನೆಯನ್ನು ತ್ಯಜಿಸುವುದು.

## ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ನೋವು ಒಂದೇ ಹಲ್ಲಿಗೆ ಸೀಮಿತವಾಗಿದ್ದರೆ, ಪ್ರಚೋದನೆ ನಿಂತ ಮೇಲೂ ಉಳಿದರೆ, ನಿದ್ದೆಯಿಂದ ಎಬ್ಬಿಸಿದರೆ ಅಥವಾ ಕಚ್ಚುವಾಗ ಕಾಣಿಸಿಕೊಂಡರೆ ತಪಾಸಣೆಯನ್ನು ಮುಂದೂಡಬಾರದು. ಒಸಡಿನಲ್ಲಿ ಕೀವು, ಮುಖದ ಊತ ಅಥವಾ ಜ್ವರವಿದ್ದರೆ ಅದು ಸೋಂಕಿನ ಲಕ್ಷಣವಾಗಿದ್ದು ತಡಮಾಡದೆ ಚಿಕಿತ್ಸೆ ಪಡೆಯಬೇಕು. ಊತದೊಂದಿಗೆ ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅದು ತುರ್ತು ಪರಿಸ್ಥಿತಿಯಾಗಿದ್ದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.